ಬೋವೆ ಕೆಥೆಡ್ರಲಿನ ಕುಸಿತ: ಎತ್ತರವೋ, ಅಂಕಣದ ಅಗಲವೋ?

ಉತ್ತರ ಫ್ರಾನ್ಸಿನ ಬೋವೆ ನಗರದ ಸೇಂಟ್ ಪಿಯರ್ ಕೆಥೆಡ್ರಲ್ 1284ರಲ್ಲಿ ಕುಸಿದದ್ದಕ್ಕೆ ಅದರ ಎತ್ತರವನ್ನೇ ದೂರುವುದು ರೂಢಿ. ಸುಮಾರು 48 ಮೀಟರಿನ ಆ ಕಮಾನು ಚಾವಣಿ ಗಾಥಿಕ್ ಚರ್ಚುಗಳಲ್ಲೇ ಅತಿ ಎತ್ತರದ್ದು. ಹತ್ತಿರದ ಆಮಿಯೆಂ ಕೆಥೆಡ್ರಲಿನದು 42 ಮೀಟರಿಗೆ ತುಸು ಮೇಲೆ. ಆದರೆ ಕಟ್ಟಡ ಬೇರೆಯದೇ ಸಾಕ್ಷ್ಯ ನುಡಿಯುತ್ತದೆ.

1225ರಲ್ಲಿ ಬಿಷಪ್ ಮಿಲೋನ್ ಕಾಲದಲ್ಲಿ ಶುರುವಾದ ಕೆಲಸದಲ್ಲಿ ಪೂರ್ವಭಾಗ ಮುಗಿದದ್ದು 1272ರಲ್ಲಿ. ಹನ್ನೆರಡು ವರ್ಷಕ್ಕೆ ಬಿದ್ದದ್ದು ನೇರ ಅಂಕಣಗಳ ಚಾವಣಿ. ಅಷ್ಟೇ ಎತ್ತರದ, ಅರ್ಧವರ್ತುಲಾಕಾರದ ಪೂರ್ವತುದಿ ಉಳಿಯಿತು. ಬಾಗಿದ ಗೋಡೆಗೆ ತನ್ನದೇ ಬಲವಿರುತ್ತದೆ, ನಿಜ. ಆದರೆ ಅಲ್ಲಿ ಕಂಬಗಳೂ ಒತ್ತೊತ್ತಾಗಿವೆ. ನೇರ ಅಂಕಣಗಳಲ್ಲಿ ಅವು ತೀರ ದೂರದೂರ ಇದ್ದವು.

ಮತ್ತೆ ಕಟ್ಟಿದವರ ತೀರ್ಮಾನ ಇನ್ನೂ ಸ್ಪಷ್ಟ. ಅವರು ಎತ್ತರವನ್ನು ತಗ್ಗಿಸಲಿಲ್ಲ. ಪ್ರತಿ ಅಂಕಣದ ನಡುವೆ ಹೊಸ ಕಂಬವೊಂದನ್ನು ನಿಲ್ಲಿಸಿದರು. ಒಂದು ಅಗಲ ಕಮಾನಿದ್ದಲ್ಲಿ ಇಕ್ಕಟ್ಟಾದ, ಚೂಪು ತುದಿಯ ಎರಡು ಕಮಾನುಗಳು ಬಂದವು. ನಾಲ್ಕು ಎಸಳಿನ ಚಾವಣಿ ಆರು ಎಸಳಿನದಾಯಿತು. ದೋಷ ಎಲ್ಲಿತ್ತೆಂದು ಆ ಕುಶಲಕರ್ಮಿಗಳು ಬರೆದಿಟ್ಟ ವರದಿ ಇದೇ ಎಂದು ನನ್ನ ಭಾವನೆ.

20ನೆಯ ಶತಮಾನದಲ್ಲಿ ಎಂಜಿನಿಯರ್ ರಾಬರ್ಟ್ ಮಾರ್ಕ್ ಪ್ಲಾಸ್ಟಿಕ್ ಮಾದರಿಯ ಮೇಲೆ ಬೆಳಕು ಹಾಯಿಸಿ ಒತ್ತಡಗಳನ್ನು ಅಳೆದು, ಗಾಳಿಯ ಹೊಡೆತಕ್ಕೆ ಹೊರಗಿನ ಆಸರೆಗಂಬಗಳ ಸಾಲಿನಲ್ಲಿ ನಡುವಿನದರ ಗಾರೆ ಬಿರಿದಿರಬೇಕೆಂದು ವಾದಿಸಿದರು. ಇದು ಅಂಕಣದ ಅಗಲಕ್ಕೆ ಚೆನ್ನಾಗಿ ಹೊಂದುತ್ತದೆ. ಕಂಬಗಳು ದೂರವಾದಷ್ಟೂ ಒಂದೊಂದು ಆಸರೆಯ ಪಾಲಿಗೆ ಬರುವ ಗೋಡೆ ಹೆಚ್ಚು, ಅದರ ಮೇಲೆ ಬೀಳುವ ಗಾಳಿಯೂ ಹೆಚ್ಚು.

1573ರ ಕುಸಿತವನ್ನು ಇದರ ಜೊತೆ ಸೇರಿಸಬಾರದು. ಆಗ ಬಿದ್ದದ್ದು 1569ರಲ್ಲಿ ಮುಗಿದಿದ್ದ 153 ಮೀಟರಿನ ಗೋಪುರ. ಪಶ್ಚಿಮದ ಸಭಾಂಗಣವನ್ನು ಕಟ್ಟಿರಲಿಲ್ಲವಾದ್ದರಿಂದ ಆ ಕಡೆ ಗೋಪುರಕ್ಕೆ ಒತ್ತಾಸೆಯೇ ಇರಲಿಲ್ಲ. ಆ ಸಭಾಂಗಣ ಕೊನೆಗೂ ಏಳಲಿಲ್ಲ. ಅದು ಏಳಬೇಕಿದ್ದ ಜಾಗದಲ್ಲಿ 10ನೆಯ ಶತಮಾನದ ಹಳೆಯ ಚರ್ಚಿನ ಒಂದು ಭಾಗ ಈಗಲೂ ಇದೆ.

ಮಾರ್ಕ್ ಅವರ ಗಾಳಿಯ ವಾದಕ್ಕೆ ಇತ್ತೀಚಿನ ಸಾಕ್ಷ್ಯವೂ ಉಂಟು. ಆಸರೆಗಳನ್ನು ಬಿಗಿದಿದ್ದ ಹಳೆಯ ಕಬ್ಬಿಣದ ಸರಳುಗಳನ್ನು 1960ರ ದಶಕದಲ್ಲಿ ತೆಗೆದಾಗ ಗಾಳಿಗೆ ಕಟ್ಟಡದ ಓಲಾಟ ಹೆಚ್ಚಿತು. ಬಳಿಕ ಉಕ್ಕಿನ ಸರಳುಗಳನ್ನು ಹಾಕಬೇಕಾಯಿತು.