ಮೋರಿಸ್ ಮೈನರ್: ಡ್ರಮ್ ಬ್ರೇಕ್ ಹೊಂದಿಸುವ ಕ್ರಮ

ಅಲೆಕ್ ಇಸಿಗೋನಿಸ್ ವಿನ್ಯಾಸದ ಮೋರಿಸ್ ಮೈನರ್ 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು. ನಮ್ಮಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಮಾರಿತು. ಇದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕ್. ಲೈನಿಂಗ್ ಸವೆದಂತೆಲ್ಲ ಶೂ ಮತ್ತು ಡ್ರಮ್ ನಡುವಿನ ಸಂದು ಹೆಚ್ಚಿ, ಪೆಡಲ್ ಕೆಳಕ್ಕೆ ಹೋಗುತ್ತದೆ. ಆ ಸಂದನ್ನು ಕೈಯಿಂದಲೇ ಸರಿಪಡಿಸಬೇಕು.

ಸಿದ್ಧತೆ: ಕಾರು ಸಮತಟ್ಟಾದ ನೆಲದಲ್ಲಿರಲಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಡ್ರಮ್ ಬಿಚ್ಚಬೇಕಾಗಿ ಬಂದರೆ ಒಳಗಿನ ಧೂಳನ್ನು ಊದಬೇಡಿ; ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಮುಂದಿನ ಚಕ್ರ: ವೀಲ್ ಕ್ಯಾಪ್ ತೆಗೆದು, ಚಕ್ರದ ರಂಧ್ರದಲ್ಲಿ ಅಡ್ಜಸ್ಟರ್‌ನ ಸೀಳು ಕಾಣುವವರೆಗೆ ಚಕ್ರ ತಿರುಗಿಸಿ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಚಕ್ರ ಬಿಗಿದು ನಿಂತಾಗ ಒಂದು ಕಚ್ಚು ಹಿಂದಕ್ಕೆ ಬಿಡಿ. ಚಕ್ರ ಸರಾಗವಾಗಿ ತಿರುಗಬೇಕು. ಎದುರು ಬದಿಯಲ್ಲಿ ಇನ್ನೊಂದು ಅಡ್ಜಸ್ಟರ್ ಇದೆ. ಅದಕ್ಕೂ ಹೀಗೇ ಮಾಡಿ. ಮುಂದಿನ ಎರಡೂ ಶೂಗಳಿಗೆ ಬೇರೆ ಬೇರೆ ಅಡ್ಜಸ್ಟರ್ ಇರುವುದರಿಂದ ಒಂದನ್ನು ಬಿಟ್ಟರೆ ಕೆಲಸ ಅರ್ಧವೇ ಆದಂತೆ.

ಹಿಂದಿನ ಚಕ್ರ: ಇಲ್ಲಿ ಒಂದೇ ಅಡ್ಜಸ್ಟರ್. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ ಮೇಲೆಯೇ ಕೈ ಹಾಕಿ. ಹ್ಯಾಂಡ್ ಬ್ರೇಕ್ ಸಡಿಲವೆಂದು ಮೊದಲು ಕೇಬಲ್ ಬಿಗಿ ಮಾಡುವುದು ತಪ್ಪು. ಶೂ ಹೊಂದಿಸಿದ ಮೇಲೂ ಸಡಿಲವಿದ್ದರೆ ಮಾತ್ರ ಕೇಬಲ್ ನೋಡಿ.

ನಾಲ್ಕೂ ಮುಗಿದ ಮೇಲೆ ಪೆಡಲನ್ನು ಎರಡು ಮೂರು ಸಲ ಗಟ್ಟಿಯಾಗಿ ಒತ್ತಿ, ಶೂಗಳು ಸರಿಯಾಗಿ ಕೂತ ಬಳಿಕ ಇನ್ನೊಮ್ಮೆ ಪರೀಕ್ಷಿಸಿ.

ಅಡ್ಜಸ್ಟರ್‌ನಿಂದ ಸರಿಹೋಗದವು: ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಕೆಟ್ಟಿದೆ. ಕಾರು ಒಂದು ಬದಿಗೆ ಎಳೆದರೆ ಎರಡು ಬದಿಯ ಹೊಂದಿಕೆ ಸಮನಾಗಿಲ್ಲ, ಅಥವಾ ಲೈನಿಂಗ್‌ಗೆ ಆಯಿಲ್ ತಗುಲಿದೆ. ಈ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಹೈಡ್ರಾಲಿಕ್ ಮಾರ್ಗ. ಒಂದು ಚಕ್ರದಲ್ಲಿ ಸೋರಿದರೂ ನಾಲ್ಕರ ಬ್ರೇಕೂ ಹೋಗುತ್ತದೆ. ಅಂಥ ಕಾರನ್ನು ರಸ್ತೆಗಿಳಿಸಬೇಡಿ.

ಘಾಟಿಯಲ್ಲಿ: ತಾಮರಶ್ಶೇರಿ, ದಿಂಬಂ ಅಥವಾ ಊಟಿ ಘಾಟಿ ಇಳಿಯುವ ಸದಸ್ಯರು ಇದನ್ನು ನೆನಪಿಡಿ. ಬಿಸಿಯಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲೈನಿಂಗ್‌ನ ಹಿಡಿತವೂ ಕುಗ್ಗುತ್ತದೆ. ಬ್ರೇಕ್ ಸರಿಯಾಗಿ ಹೊಂದಿಸಿದ್ದರೂ ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಹಿಡಿಯದು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಿ. ಬಿಸಿ ಡ್ರಮ್ ಮೇಲೆ ನೀರು ಸುರಿಯಬೇಡಿ. ನಿಲ್ಲಿಸಿ ಆರಲು ಬಿಡಿ.