ತೀವ್ರ

ಬೈಲಹೊಂಗಲದ ಬಂಧುವೊಬ್ಬರಿಗೆ ಕ್ಯಾನ್ಸರ್ ತಗುಲಿದ ಒಂದು ಕಿಡ್ನಿ ತೆಗೆದಿದ್ದರು. ಮೂರನೆಯ ದಿನ ಮಗನ ಫೋನು: 'ಕಾಕಾ, ಉಳಿದ ಕಿಡ್ನಿಗೂ ತೀವ್ರ ಹಾನಿ ಆಗೇತಂತ. ಮುಗೀತೇನ್ರಿ?' ಮುಗಿದಿರಲಿಲ್ಲ. ಹುಡುಗನನ್ನು ಹೆಚ್ಚು ಹೆದರಿಸಿದ್ದು ಆ ಪದ.

ತೀವ್ರ ಸಂಸ್ಕೃತದಿಂದ ಬಂದದ್ದು. ಮರಾಠಿಯಲ್ಲೂ ತೀವ್ರ, ತಮಿಳಿನಲ್ಲಿ ತೀವಿರಂ. ಬಿರುಸು, ಹರಿತ, ವೇಗ ಮೂರೂ ಅದರಲ್ಲಿವೆ. ಇಂದು ನಮಗೆ ಕೇಳಿಸುವುದು ಬಿರುಸೊಂದೇ: ತೀವ್ರ ಜ್ವರ, ತೀವ್ರ ವಿರೋಧ. ವೇಗ 'ತೀವ್ರಗತಿ'ಯಲ್ಲಿ ಉಳಿದಿದೆ. ಹರಿತವನ್ನು ನಮ್ಮ ಸೀಮೆಯ ಹಿಂದುಸ್ತಾನಿ ಗಾಯಕರು ಕಾಪಾಡಿದ್ದಾರೆ. ಯಮನ್ ರಾಗದ ತೀವ್ರ ಮಧ್ಯಮ ಜೋರಾದ ಸ್ವರವಲ್ಲ, ಶುದ್ಧ ಮಧ್ಯಮಕ್ಕಿಂತ ಮೇಲೇರಿದ ಸ್ವರ.

ವೈದ್ಯರ 'ಅಕ್ಯೂಟ್' ಕೂಡ ಚೂಪು ಎಂಬರ್ಥದ ಲ್ಯಾಟಿನ್ ಪದದಿಂದ ಬಂತು. ಅದೇ ಇಂಗ್ಲಿಷ್ ಪದ ಶಾಲೆಯ ರೇಖಾಗಣಿತದಲ್ಲಿ 'ಲಘು'ಕೋನವಾಯಿತು, ಆಸ್ಪತ್ರೆಯಲ್ಲಿ 'ತೀವ್ರ'ವಾಯಿತು! ವೈದ್ಯರ ಮಾತಿನಲ್ಲಿ ಅದರ ತಿರುಳು ದಿಢೀರ್ ಎಂಬುದು. ವರ್ಷಗಟ್ಟಲೆ ಎಳೆಯುವ ರೋಗಕ್ಕೆ ವಿರುದ್ಧ. ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ 48 ಗಂಟೆಯೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೂ 'ತೀವ್ರ ಹಾನಿ' ಎಂಬ ಹೆಸರು ಅಂಟುತ್ತದೆ. ಒಂದು ಕಿಡ್ನಿ ತೆಗೆದ ಮೇಲೆ ಇಡೀ ಭಾರ ಇನ್ನೊಂದರ ಮೇಲೆ ಬೀಳುವುದರಿಂದ ಆ ಏರಿಕೆ ಅಪರೂಪವಲ್ಲ. ಹಗುರವಾಗಿ ಕಾಣುವಂಥದ್ದೂ ಅಲ್ಲ. ಮುಂದೆಯೂ ರಕ್ತಪರೀಕ್ಷೆ ತಪ್ಪಿಸಬಾರದು.

'ದಿಢೀರ್ ಹಾನಿ' ಅಥವಾ 'ಹಠಾತ್ ಹಾನಿ' ಎಂದು ಬರೆದರೆ ಎಷ್ಟೋ ಮನೆಗಳ ಎದೆಬಡಿತ ಇಳಿದೀತು. ಹುಡುಗನಿಗೆ ನಾನು ಹೇಳಿದ್ದಿಷ್ಟು: 'ತೀವ್ರ ಅಂದ್ರ ಒಮ್ಮೆಲೇ ಆಗೇತಿ ಅಂತಪ್ಪಾ. ಎಷ್ಟು ಆಗೇತಿ ಅನ್ನೂದನ್ನ ಡಾಕ್ಟರಿಗೆ ಬ್ಯಾರೆ ಕೇಳು.'