ಎರಡೂ ಪಟ್ಟಿಯಲ್ಲಿ ಇಲ್ಲದ ಮಗು

"ಮಗಾ, ಊರಿಗೆ ಹೋದಾಗ ಒಂದು ಕೆಲಸ ಮಾಡ್ಕೊಡು. ನಾನು ಹುಟ್ಟಿದೀನಾ ಇಲ್ವಾ ಅಂತ ನೋಡ್ಕೊಂಡ್ ಬಾ."

ಅಮೆರಿಕದಲ್ಲಿರೋ ಗೆಳೆಯ ಹೀಗಂದಾಗ ಜೋರಾಗಿ ನಗು ಬಂತು. ಅವನಿಗೆ ನಗು ಬರ್ತಿರಲಿಲ್ಲ. ಗ್ರೀನ್ ಕಾರ್ಡ್ ಅರ್ಜಿಗೆ ಜನನ ಪ್ರಮಾಣಪತ್ರ ಬೇಕಿತ್ತು. ಅವನು ಹುಟ್ಟಿದ್ದು 1986ರಲ್ಲಿ, ಅವನ ಅಮ್ಮನ ತವರಿನಲ್ಲಿ, ನಡುಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ, ಸೂಲಗಿತ್ತಿ ಕೈಯಲ್ಲಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ವರ್ಷದ ಪುಸ್ತಕ ತೆಗೆಸಿ ನೋಡಿದ್ದಾಯ್ತು. ಆ ಹಳ್ಳಿಯ ಹೆಸರಿನ ಕೆಳಗೆ ಇಡೀ ವರ್ಷಕ್ಕೆ ಆರೋ ಏಳೋ ಮಕ್ಕಳು, ಅದರಲ್ಲಿ ಇವನಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು 'ಅಲಭ್ಯತೆ ಪ್ರಮಾಣಪತ್ರ'. ಅಂದ್ರೆ, ನಿಮ್ಮ ಬಗ್ಗೆ ನಮ್ಮಲ್ಲಿ ಯಾವ ಕಾಗದವೂ ಇಲ್ಲ ಅಂತ ಸರ್ಕಾರ ಮೊಹರು ಒತ್ತಿ ಕೊಡೋ ಕಾಗದ.

ಹಳ್ಳಿಯಿಂದ ಬಂದ ನಮ್ಮ ವಯಸ್ಸಿನವರಿಗೆ ಇದು ಹೊಸದಲ್ಲ. ನಿಮ್ಮ ಆಫೀಸಿನ ಬರ್ತ್‌ಡೇ ಪಟ್ಟಿ ಒಮ್ಮೆ ನೋಡಿ, ಜೂನ್ 1ಕ್ಕೆ ಎಷ್ಟು ಜನ ಹುಟ್ಟಿರ್ತಾರೆ! ಶಾಲೆ ಶುರುವಾಗೋದು ಆಗ, ಆ ದಿನಕ್ಕೆ ವಯಸ್ಸು ತುಂಬಿರಬೇಕು, ಅಷ್ಟೇ ಲೆಕ್ಕ. ಹೆಡ್‌ಮೇಷ್ಟ್ರು ನಮ್ಮ ಬಲಗೈಯನ್ನ ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಮುಟ್ಟಿದರೆ "ಸರಿ, ಸೇರಿಸ್ಕೊಳ್ಳಿ" ಅನ್ನೋರು. ಹಾಗೆ ಬರೆದ ದಿನಾಂಕವೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಗಿ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗಿ, ನಿಜವೇ ಆಗಿಬಿಡ್ತು.

ಆದರೆ ನಮ್ಮಲ್ಲಿ ಹುಟ್ಟು ಬರೆದಿಡೋ ಪದ್ಧತಿಯೇ ಇರಲಿಲ್ಲವಾ ಅಂದ್ರೆ, ಇತ್ತು. ನೂರೈವತ್ತು ವರ್ಷದಿಂದ ಇದೆ. ಯಾಕೆ ಹಿಡಿಯಲಿಲ್ಲ ಅನ್ನೋದೇ ಸ್ವಾರಸ್ಯ.

ಬ್ರಿಟಿಷರಿಗೆ ಮೊದಲು ಬೇಕಾಗಿದ್ದದ್ದು ಹುಟ್ಟಲ್ಲ, ಸಾವು. 1857ರ ನಂತರ ಇಲ್ಲಿನ ಸೈನಿಕರು ಯುದ್ಧಕ್ಕಿಂತ ಹೆಚ್ಚಾಗಿ ಕಾಲರಾ, ಜ್ವರಕ್ಕೆ ಸಾಯ್ತಿದ್ದದ್ದು ನೋಡಿ, ಸೇನೆಯ ಆರೋಗ್ಯದ ಬಗ್ಗೆ 1859ರಲ್ಲಿ ಒಂದು ರಾಯಲ್ ಕಮಿಷನ್ ಕೂರಿಸಿದರು. ದಂಡಿನ ಸುತ್ತಮುತ್ತ ಜನ ಯಾವಾಗ, ಎಷ್ಟು ಸಾಯ್ತಾರೆ ಗೊತ್ತಾಗದೆ ಯಾವ ರೋಗಕ್ಕೂ ಕಡಿವಾಣ ಹಾಕೋಕಾಗಲ್ಲ ಅನ್ನೋದು ಅಲ್ಲಿಂದ ಮೊದಲಾಯ್ತು. 1860ರ ದಶಕದಲ್ಲಿ ಪ್ರಾಂತ್ಯ ಪ್ರಾಂತ್ಯವಾಗಿ ಸಾವಿನ ಲೆಕ್ಕ ಶುರು, ಹುಟ್ಟು ಅದರ ಹಿಂದೆ ಬಂತು. 1873ರಲ್ಲಿ ಬಂಗಾಳಕ್ಕೊಂದು ಜನನ ಮರಣ ಕಾಯ್ದೆ, 1886ರಲ್ಲಿ ಇಷ್ಟವಿದ್ದವರು ಬರೆಸಬಹುದಾದ ಒಂದು ಅಖಿಲ ಭಾರತ ಕಾಯ್ದೆ, 1899ರಲ್ಲಿ ಮದ್ರಾಸ್ ಪ್ರಾಂತ್ಯದ್ದು.

ಕಾಯ್ದೆ ಮೊದಲು ಬಂದದ್ದು ಬಂಗಾಳಕ್ಕೆ. ಆಗ ಬಿಹಾರವೂ ಅದರೊಳಗೇ ಇತ್ತು. ಆದರೆ ಅಲ್ಲಿ 1793ರಿಂದ ಜಮೀನ್ದಾರಿ, ಕಂದಾಯ ಕಟ್ಟಿಸೋದು ಜಮೀನ್ದಾರ. ಹಳ್ಳಿಯೊಳಗೆ ಸರ್ಕಾರದ ಪರವಾಗಿ ಪುಸ್ತಕ ಬರೆಯೋ ಮನುಷ್ಯನೇ ಇರಲಿಲ್ಲ. ಇದ್ದವನು ಚೌಕಿದಾರ, ಊರು ಕಾಯೋನು. ಅವನು ಠಾಣೆಗೆ ಹೋಗಿ ನೆನಪಿನಿಂದ ಹೇಳಬೇಕು, ಅಲ್ಲಿ ಬೇರೆಯವರು ಬರೆದುಕೊಳ್ಳಬೇಕು. ಈ ಕಡೆ ಮದ್ರಾಸ್, ಮೈಸೂರಿನಲ್ಲಿ ಕಂದಾಯ ನೇರ ರೈತನಿಂದ ಬರ್ತಿದ್ದರಿಂದ ಊರೂರಿಗೆ ಕರಣಂ, ಶ್ಯಾನುಭೋಗ, ಪಟೇಲ ಇದ್ದರು. ಜಮೀನಿನ ಲೆಕ್ಕ ಬರೆಯೋ ಕೈಗೇ ಹುಟ್ಟು ಸಾವಿನ ಪುಸ್ತಕವೂ ಬಂತು.

ಶ್ಯಾನುಭೋಗರನ್ನ ನಾನೇನೂ ಹೊಗಳ್ತಿಲ್ಲ. ನಮ್ಮ ಕಡೆ ಹಳೇ ತಲೆಗಳು ಅವರ ಬಗ್ಗೆ ಹೇಳೋ ಕಥೆಗಳೇ ಬೇರೆ. ಅವರು ಊರ ಹೊರಗಿನ ಕೇರಿಗೆ ಕಾಲಿಡ್ತಿರಲಿಲ್ಲ. ಅಲ್ಲಿ ಹುಟ್ಟಿದ ಮಗು ತಳವಾರನೋ ತೋಟಿಯೋ ಬಂದು ಹೇಳಿದರೆ ಪುಸ್ತಕಕ್ಕೆ ಬರಬೇಕು, ಇಲ್ಲದಿದ್ದರೆ ಇಲ್ಲ. ಸಾವಾದರೆ ಊರಿಗೆಲ್ಲ ತಮಟೆ ಸದ್ದು ಕೇಳುತ್ತೆ. ಹುಟ್ಟು ಬಾಗಿಲು ಹಾಕಿದ ಕೋಣೆಯಲ್ಲಿ ಹೆಂಗಸರ ನಡುವೆ ಆಗೋದು. ಅದೂ ಚೊಚ್ಚಲು ಅಂದ್ರೆ ತವರಿನಲ್ಲಿ. ಮಗು ಮೂರನೇ ತಿಂಗಳೋ ಐದನೇ ತಿಂಗಳೋ ಅಪ್ಪನ ಊರಿಗೆ ಬಂದಾಗ, ಅದು ನಮ್ಮೂರಲ್ಲಿ ಹುಟ್ಟಿಲ್ಲ ಅಂತ ಈ ಊರವರು, ಅದು ನಮ್ಮೂರ ಮಗುವಲ್ಲ ಅಂತ ಆ ಊರವರು.

ಹಾಗಾದ್ರೆ ಎಷ್ಟು ಮಕ್ಕಳು ಬಿಟ್ಟುಹೋಗ್ತಿದ್ದಾರೆ ಅಂತ ತಿಳಿಯೋದು ಹೇಗೆ? ಬರೆಯದೇ ಇರೋದನ್ನ ಎಣಿಸೋದು ಹೇಗೆ? ಇಲ್ಲಿ ನಮ್ಮ ಫೀಲ್ಡಿನವರಿಗೆ ಪರಿಚಯದ ಒಂದು ಹೆಸರು ಬರುತ್ತೆ. ಕಂಪನಿಯ ಕ್ವಾಲಿಟಿ ಟ್ರೈನಿಂಗಿನಲ್ಲಿ ನಿದ್ದೆ ತಡೆದು ಕೂತಿದ್ದವರಿಗೆ 'ಡೆಮಿಂಗ್ ಸೈಕಲ್' ನೆನಪಿರಬಹುದು: ಪ್ಲಾನ್, ಡೂ, ಚೆಕ್, ಆಕ್ಟ್. ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿದ ಅದೇ ಎಡ್ವರ್ಡ್ಸ್ ಡೆಮಿಂಗ್, ಜಪಾನಿಗೆ ಹೆಸರಾಗೋ ಮೊದಲು, 1949ರಲ್ಲಿ ಸಿ. ಚಂದ್ರಶೇಖರನ್ ಎಂಬ ಭಾರತೀಯನ ಜೊತೆ ಸೇರಿ ಒಂದು ಪ್ರಬಂಧ ಬರೆದ. ವಿಷಯ, ಕಲ್ಕತ್ತಾ ಹತ್ತಿರದ ಸಿಂಗೂರಿನ ಆರೋಗ್ಯ ಕೇಂದ್ರದ ಹಳ್ಳಿಗಳಲ್ಲಿ ಹುಟ್ಟು ಸಾವು ಎಷ್ಟು ನೋಂದಣಿ ಆಗ್ತಿದೆ ಅನ್ನೋದು. 1947ರಲ್ಲಿ ಅಲ್ಲಿ ಮನೆ ಮನೆ ಸುತ್ತಿ ಬೇರೆ ಪಟ್ಟಿ ಮಾಡಿ, ನೋಂದಣಿ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಿದ್ದರು.

ಲೆಕ್ಕ ತುಂಬ ಸರಳ, ಆದರೆ ಚೆಂದ. ನನ್ನದೇ ಅಂಕಿ ಹಾಕಿ ಹೇಳ್ತೀನಿ. ಪುಸ್ತಕದಲ್ಲಿ 60 ಮಕ್ಕಳಿದ್ದಾರೆ. ಮನೆ ಮನೆ ಸಮೀಕ್ಷೆಯಲ್ಲಿ 70 ಸಿಕ್ಕರು. ಎರಡರಲ್ಲೂ ಇರೋರು 50. ಅಂದ್ರೆ ಸಮೀಕ್ಷೆ ಕಂಡುಹಿಡಿದ 70 ಮಕ್ಕಳಲ್ಲಿ ಪುಸ್ತಕ ಹಿಡಿದದ್ದು 50, ಏಳರಲ್ಲಿ ಐದು. ಪುಸ್ತಕದ ತಾಕತ್ತೇ ಇಷ್ಟು ಅಂದುಕೊಂಡರೆ, ಅದರಲ್ಲಿರೋ 60 ಅನ್ನೋದು ಒಟ್ಟು ಮಕ್ಕಳ ಏಳರಲ್ಲಿ ಐದು ಭಾಗ. ಒಟ್ಟು 84. ಪುಸ್ತಕ ಮತ್ತು ಸಮೀಕ್ಷೆ ಎರಡೂ ಸೇರಿ ನೋಡಿದ್ದು 80. ಹಾಗಾದ್ರೆ ಇನ್ನೂ 4 ಮಕ್ಕಳು ಎಲ್ಲೋ ಇದ್ದಾರೆ, ಯಾವ ಪಟ್ಟಿಯಲ್ಲೂ ಇಲ್ಲದೆ. ಎರಡೂ ಅರೆಬರೆ ಪಟ್ಟಿಗಳೇ, ಆದರೂ ಅವೆರಡರ ನಡುವಿನಿಂದ ಯಾರೂ ಕಾಣದ ನಾಲ್ಕು ಮಕ್ಕಳ ಸುಳಿವು ಸಿಗುತ್ತೆ. ಕೆರೆಯ ಮೀನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿ ಕೆರೆಯಲ್ಲಿ ಮೀನೆಷ್ಟು ಅಂತ ಅಂದಾಜು ಮಾಡೋದೂ ಇದೇ ಲೆಕ್ಕ.

ಇದಕ್ಕೊಂದು ಷರತ್ತಿದೆ. ಎರಡು ಪಟ್ಟಿಗೂ ಒಂದಕ್ಕೊಂದು ಸಂಬಂಧ ಇರಬಾರದು. ವಾಸ್ತವದಲ್ಲಿ ಇರುತ್ತೆ. ಪುಸ್ತಕದವನು ಬಿಟ್ಟ ಗುಡಿಸಲನ್ನೇ ಸಮೀಕ್ಷೆಯವನೂ ಬಿಡ್ತಾನೆ. ಹುಟ್ಟಿದ ಎರಡು ದಿನಕ್ಕೆ ತೀರಿಕೊಂಡ ಮಗುವನ್ನ ಅಪ್ಪ ಬರೆಸಲ್ಲ, ಕೇಳಿದವರಿಗೆ ಅಮ್ಮ ಹೇಳಲ್ಲ. ಆಗ ಲೆಕ್ಕದ 4 ನಿಜದಲ್ಲಿ 10 ಆಗಿರಬಹುದು. ಇದು ಆ ಇಬ್ಬರಿಗೂ ಗೊತ್ತಿತ್ತು. ಊರು, ವಯಸ್ಸು, ಗಂಡು ಹೆಣ್ಣು ಅಂತ ಚಿಕ್ಕ ಚಿಕ್ಕ ಗುಂಪು ಮಾಡಿ ಬೇರೆ ಬೇರೆ ಲೆಕ್ಕ ಹಾಕಿ, ಆಮೇಲೆ ಕೂಡಿ ಅಂತ ಅದೇ ಪ್ರಬಂಧದಲ್ಲಿ ಹೇಳಿದ್ದಾರೆ.

ಚಂದ್ರಶೇಖರನ್ ಆಮೇಲೆ ನಮ್ಮ ಕಡೆಗೂ ಬಂದರು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ ನಡೆಸಿದ 'ಮೈಸೂರು ಜನಸಂಖ್ಯಾ ಅಧ್ಯಯನ'ದಲ್ಲಿ ಅವರೂ ಇದ್ದರು. ಅದರ ವರದಿ ಬಂದದ್ದು 1961ರಲ್ಲಿ. ಜನಸಂಖ್ಯಾಶಾಸ್ತ್ರ ಓದುವವರು ಈಗಲೂ ಅದನ್ನ ನೆನೆಯುತ್ತಾರೆ, ನಮ್ಮ ಬೆಂಗಳೂರಿಗರಿಗೆ ಮಾತ್ರ ಗೊತ್ತೇ ಇಲ್ಲ.

ಸಿಂಗೂರಿನ ಉಪಾಯದ ಮೇಲೆಯೇ 1960ರ ದಶಕದಲ್ಲಿ ಕೇಂದ್ರ ಸರ್ಕಾರ 'ಮಾದರಿ ನೋಂದಣಿ ವ್ಯವಸ್ಥೆ' ಕಟ್ಟಿತು, ಎಸ್‌ಆರ್‌ಎಸ್ ಅಂತ ಪೇಪರಿನಲ್ಲಿ ಓದಿರ್ತೀರಿ. ಆಯ್ದ ಹಳ್ಳಿ, ಬಡಾವಣೆಗಳಲ್ಲಿ ಒಬ್ಬ ಸ್ಥಳೀಯ, ಸಾಮಾನ್ಯವಾಗಿ ಶಾಲೆ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ, ವರ್ಷವಿಡೀ ಹುಟ್ಟು ಸಾವು ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರೊಬ್ಬರು ಆ ಪಟ್ಟಿ ನೋಡದೆ ಬೇರೆಯಾಗಿ ಸುತ್ತುತ್ತಾರೆ. ತಾಳೆಯಾಗದ ಹೆಸರಿದ್ದರೆ ಫಾರ್ಮುಲಾ ಹಾಕಲ್ಲ, ಮತ್ತೆ ಆ ಮನೆಗೇ ಹೋಗ್ತಾರೆ. ನಮ್ಮ ದೇಶದ ಜನನ ಪ್ರಮಾಣ, ಶಿಶು ಮರಣ ಪ್ರಮಾಣ ಎಲ್ಲ ಬರೋದು ಇದರಿಂದ. ಅಂದ್ರೆ ನಿಜವಾದ ನೋಂದಣಿ ಪುಸ್ತಕವನ್ನ ನಂಬೋ ಹಾಗಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡು, ಪಕ್ಕದಲ್ಲೊಂದು ಚಿಕ್ಕ ಪುಸ್ತಕ ಇಟ್ಟುಕೊಂಡಿತು!

ಅದೇ ಹೊತ್ತಿಗೆ 1969ರ ಜನನ ಮರಣ ನೋಂದಣಿ ಕಾಯ್ದೆ ಬಂತು. ಬಹುತೇಕ ರಾಜ್ಯಗಳಲ್ಲಿ 1970ರ ಏಪ್ರಿಲ್ 1ರಿಂದ ಜಾರಿ. ಅಷ್ಟರಲ್ಲಿ ನಮ್ಮಲ್ಲಿ ಪಟೇಲ ಶ್ಯಾನುಭೋಗಿಕೆ ರದ್ದಾಗಿ, ಆ ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಬಂದಿತ್ತು. ಎಲ್ಲ ಹುಟ್ಟೂ ಕಡ್ಡಾಯವಾಗಿ ನೋಂದಣಿ ಆಗಬೇಕು ಅಂತಾಯ್ತು. ಆಮೇಲೆ 35 ವರ್ಷ ಬಿಟ್ಟು, 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳಿದಾಗ, ಐದು ವರ್ಷದೊಳಗಿನ ಮಕ್ಕಳಲ್ಲಿ ನೋಂದಣಿ ಆಗಿದ್ದವರು ಶೇ. 41. ಕರ್ನಾಟಕ ಶೇ. 58. ತಮಿಳುನಾಡು ಶೇ. 86. ಉತ್ತರ ಪ್ರದೇಶ ಶೇ. 7, ಬಿಹಾರ ಶೇ. 6. ಒಂದೇ ದೇಶ, ಒಂದೇ ಕಾಯ್ದೆ.

ಬಿಹಾರಕ್ಕೆ ಚೌಕಿದಾರನ ಕಥೆ ಹೇಳಬಹುದು. ಆದರೆ ಅದೇ ಜಮೀನ್ದಾರಿಯ ಪಶ್ಚಿಮ ಬಂಗಾಳದಲ್ಲಿ ಆಗಲೇ ಮುಕ್ಕಾಲು ಪಾಲು ಮಕ್ಕಳು ಪುಸ್ತಕದಲ್ಲಿದ್ದರು. ಪಟವಾರಿಗಳಿದ್ದ ಉತ್ತರ ಪ್ರದೇಶ ಬಿಹಾರದ ಪಕ್ಕದಲ್ಲೇ ಕೂತಿತ್ತು. ಹಾಗಾಗಿ ಹಳೇ ಇತಿಹಾಸ ಅರ್ಧ ಮಾತ್ರ ಹೇಳುತ್ತೆ.

ಉಳಿದರ್ಧಕ್ಕೆ ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ಆಸ್ಪತ್ರೆ ಹೆರಿಗೆ 2005-06ರಲ್ಲಿ ಶೇ. 39, 2015-16ರಲ್ಲಿ 79, 2019-21ರಲ್ಲಿ 89. ಹುಟ್ಟಿನ ನೋಂದಣಿ ಅದೇ ಮೂರು ಸಲ ಶೇ. 41, 80, 89. ಎರಡು ಸಾಲು ಕೈ ಕೈ ಹಿಡಿದು ಹತ್ತಿವೆ. ಒಂದರಿಂದಲೇ ಇನ್ನೊಂದು ಆಯ್ತು ಅಂತ ಇದರಿಂದ ಸಾಬೀತಾಗಲ್ಲ ಅನ್ನೋದು ನನಗೂ ಗೊತ್ತು. ಆದರೆ ಕಾಯ್ದೆಯ 8ನೇ ಕಲಂ ಓದಿದರೆ ಅನುಮಾನ ಬಹುಪಾಲು ಹೋಗುತ್ತೆ. ಮನೆಯಲ್ಲಿ ಹುಟ್ಟಿದರೆ ತಿಳಿಸಬೇಕಾದವರು ಮನೆಯ ಯಜಮಾನ. ಆಸ್ಪತ್ರೆಯಲ್ಲಿ ಹುಟ್ಟಿದರೆ ಅಲ್ಲಿನ ವೈದ್ಯಾಧಿಕಾರಿ. ಒಬ್ಬನಿಗೆ ಒಂದು ದಿನದ ಕೂಲಿ ಹೋಗುತ್ತೆ, ಇನ್ನೊಬ್ಬರಿಗೆ ಅದೇ ಡ್ಯೂಟಿ. ಸೂಲಗಿತ್ತಿಯೂ ತಿಳಿಸಬೇಕು ಅಂತ 10ನೇ ಕಲಂ ಹೇಳುತ್ತೆ. ನಮ್ಮ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಒಂದು ರೂಪಾಯಿ ಮುಟ್ಟದೆ, 2018ರಲ್ಲಿ ಪದ್ಮಶ್ರೀ ಪಡೆದರು. ಅಂಥವರು ಪ್ರತಿ ಹೆರಿಗೆಗೂ ಫಾರಂ ತುಂಬಿ ಕಚೇರಿಗೆ ಅಲೆಯಬೇಕಿತ್ತು ಅಂತ ಬರೆದವರು ಹೆರಿಗೆ ಮನೆ ನೋಡಿದ್ದರೋ ಇಲ್ಲವೋ.

ಮನೆಯಿಂದ ಆಸ್ಪತ್ರೆಗೆ ಹೆರಿಗೆ ಹೋದದ್ದು 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ನಮ್ಮಲ್ಲಿ ಮಡಿಲು ಕಿಟ್ಟು, ಇವುಗಳಿಂದ. ಜೊತೆಗೆ ಭಾಗ್ಯಲಕ್ಷ್ಮಿ ಬಾಂಡಿಗೆ ಜನನ ಪ್ರಮಾಣಪತ್ರ ಕೇಳಿದ್ದರಿಂದ, ಹಿಂದೆ ಹೆಸರಿಲ್ಲದೆ 'ಹೆಣ್ಣು ಮಗು' ಅಂತಷ್ಟೇ ಪುಸ್ತಕದಲ್ಲಿ ಇರುತ್ತಿದ್ದವಳಿಗಾಗಿ ಅಪ್ಪಂದಿರು ಸರತಿಯಲ್ಲಿ ನಿಂತರು. ಆದರೆ ಬರೀ ಆಸ್ಪತ್ರೆಯೂ ಸಾಲದು. 2005-06ರಲ್ಲೇ ಬಿಹಾರದಲ್ಲಿ ಐದರಲ್ಲೊಂದು ಹೆರಿಗೆ ಆಸ್ಪತ್ರೆಯಲ್ಲಿ ಆಗ್ತಿತ್ತು, ನೋಂದಣಿ ಮಾತ್ರ ಶೇ. 6. ಕಟ್ಟಡ ಇದ್ದು, ಬರೆದು ಕಳಿಸೋ ಕೈ ಇರಲಿಲ್ಲ.

ಜಿಲ್ಲಾವಾರು ನೋಂದಣಿ ಅಂಕಿ ಹಿಡಿದು ಎಲ್ಲಿ ಜನ ಹೆಚ್ಚು ಹೆರ್ತಿದ್ದಾರೆ ಅಂತ ಚಾರ್ಟ್ ಹಾಕೋರಿಗೂ ಒಂದು ಮಾತು. ಹುಟ್ಟು ನೋಂದಣಿ ಆಗೋದು ಹುಟ್ಟಿದ ಜಾಗದಲ್ಲಿ, ಅಪ್ಪ ಅಮ್ಮನ ಊರಿನಲ್ಲಲ್ಲ. ದೊಡ್ಡ ಆಸ್ಪತ್ರೆಗಳಿರೋ ಮಣಿಪಾಲ, ಹುಬ್ಬಳ್ಳಿಯ ಪುಸ್ತಕಕ್ಕೆ ಸುತ್ತಲಿನ ಜಿಲ್ಲೆಗಳ ಮಕ್ಕಳು ಬಂದು ಸೇರ್ತಾರೆ. ವೈಟ್‌ಫೀಲ್ಡಿನ ಟೆಕ್ಕಿಯ ಚೊಚ್ಚಲ ಮಗು ಹಾಸನದ ಪುಸ್ತಕದಲ್ಲಿರುತ್ತೆ, ಯಾಕೆಂದರೆ ತವರಿನ ಬಾಣಂತನ ಇನ್ನೂ ಬಿಟ್ಟಿಲ್ಲ. ಚೌಕಿದಾರನ ಕಾಲದ ಗೊಂದಲ ಈಗ ಎಕ್ಸೆಲ್ ಶೀಟಿನಲ್ಲಿದೆ.

2023ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಆ ವರ್ಷ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ವೋಟರ್ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಆಧಾರ್, ಇವಕ್ಕೆಲ್ಲ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಕಿವಿ ಮುಟ್ಟಿಸಿ ಜೂನ್ 1 ಬರೆಯೋ ಮೇಷ್ಟ್ರು ಇನ್ನಿಲ್ಲ. ಒಂದು ರೀತಿಯಲ್ಲಿ ಒಳ್ಳೇದೇ. ಹದಿನೈದರ ಹುಡುಗಿಗೆ ಹದಿನೆಂಟು ತುಂಬಿದೆ ಅಂತ ಮದುವೆ ಮಾಡೋದು ಕಷ್ಟ ಆಗುತ್ತೆ.

ಆದರೆ ಆ 4 ಮಕ್ಕಳು? 2019-21ರಲ್ಲೂ ಬಿಹಾರದಲ್ಲಿ ನಾಲ್ಕರಲ್ಲಿ ಒಂದು ಮಗು ನೋಂದಣಿ ಆಗಿರಲಿಲ್ಲ. ಅಲ್ಲಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟೋರ ತಗಡಿನ ಶೆಡ್ಡುಗಳಲ್ಲಿ, ಇಟ್ಟಿಗೆ ಗೂಡುಗಳ ಪಕ್ಕದಲ್ಲಿ, ಕಬ್ಬು ಕಡಿಯೋರ ಗುಡಿಸಲಿನಲ್ಲಿ ಹುಟ್ಟೋ ಮಕ್ಕಳು ಈ ಊರಿನ ತಾಯಿ ಕಾರ್ಡಿನಲ್ಲೂ ಇರಲ್ಲ, ಆ ಊರಿನ ಅಂಗನವಾಡಿಯಲ್ಲೂ ಇರಲ್ಲ. 21 ದಿನದೊಳಗೆ ತಿಳಿಸಿದರೆ ಪ್ರಮಾಣಪತ್ರ ಪುಕ್ಕಟೆ. 30 ದಿನದವರೆಗೆ ಸಣ್ಣ ದಂಡ. ಅದು ದಾಟಿದರೆ ಮೊದಲು ಅಫಿಡವಿಟ್ಟು, ಈಗ ಸ್ವಯಂ ದೃಢೀಕರಿಸಿದ ದಾಖಲೆ, ಜೊತೆಗೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟು, ಈಗ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಆದೇಶ. ಇಟ್ಟಿಗೆ ಗೂಡಿನ ಕೆಲಸ ಮಳೆಗಾಲಕ್ಕೆ ಮುಗಿಯುತ್ತೆ. ಅಷ್ಟರಲ್ಲಿ ಆದೇಶ ಬಂದರೆ ಸರಿ, ಇಲ್ಲದಿದ್ದರೆ ಮಗು ಮುಂದಿನ ಊರಿಗೆ ಹೋಗಿರುತ್ತೆ, ಅದು ಹುಟ್ಟಿದ ಜಾಗ ಹಿಂದಿನ ಊರಿನಲ್ಲೇ ಉಳಿದಿರುತ್ತೆ.